ರಕ್ತದ ಗುಂಪು, ಚರ್ಮದ ಕ್ಯಾನ್ಸರ್ ಮತ್ತು ಮೈ ಪರೀಕ್ಷಿಸಿಕೊಳ್ಳುವ ಕ್ರಮ

ಓ ಗುಂಪಿನ ರಕ್ತದವರಿಗೆ ಚರ್ಮದ ಕ್ಯಾನ್ಸರ್ ಹೆಚ್ಚು ಎಂಬ ಮಾತು ಆಗಾಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಓದಿ ಓ ಗುಂಪಿನವರು ಹೆದರುವುದೂ ತಪ್ಪು, ಬಿ ಗುಂಪಿನವರು ನಿಶ್ಚಿಂತರಾಗುವುದೂ ತಪ್ಪು. ಆ ಮಾತಿನ ಹಿಂದಿನ ಲೆಕ್ಕಕ್ಕೆ ಎಷ್ಟು ತೂಕವಿದೆ ಎಂದು ಮೊದಲು ನೋಡೋಣ. ಆಮೇಲೆ ನಮ್ಮ ಬಣ್ಣದ ಚರ್ಮದಲ್ಲಿ ಈ ರೋಗ ಎಲ್ಲಿ ಅಡಗುತ್ತದೆ, ಮನೆಯಲ್ಲೇ ಅದನ್ನು ಹುಡುಕುವುದು ಹೇಗೆ ಎಂಬ ಕೆಲಸದ ವಿಷಯಕ್ಕೆ ಬರೋಣ.

ಸುದ್ದಿಯ ಹಿಂದಿನ ಲೆಕ್ಕ

ಚರ್ಮದ ಕ್ಯಾನ್ಸರ್‌ನಲ್ಲಿ ಮುಖ್ಯವಾದವು ಮೂರು. ಬೇಸಲ್ ಸೆಲ್ ಕಾರ್ಸಿನೋಮ ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಚಿಕಿತ್ಸೆಯಿಲ್ಲದೆ ಹಾಗೇ ಬಿಟ್ಟರೆ ದುಗ್ಧಗ್ರಂಥಿ, ಅಂದರೆ ಕಂಕುಳು, ತೊಡೆಸಂದಿಗಳ ಗಂಟುಗಳಿಗೆ ಹೋಗಬಲ್ಲದು. ಬಣ್ಣ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಮೆಲನೋಮ ಮೂರರಲ್ಲಿ ಅಪರೂಪದ್ದು, ಅತಿ ಅಪಾಯದ್ದೂ ಅದೇ.

ಓ ಗುಂಪಿನ ಮಾತು ಬಂದಿದ್ದು ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ದಾದಿಯರ ಮೇಲೆ 1976ರಿಂದ, ಪುರುಷ ಆರೋಗ್ಯ ವೃತ್ತಿಪರರ ಮೇಲೆ 1986ರಿಂದ ನಡೆಯುತ್ತಿದ್ದ ಎರಡು ದೊಡ್ಡ ಸಮೀಕ್ಷೆಗಳ ಮಾಹಿತಿಯನ್ನು ಅದಕ್ಕೆ ಬಳಸಿದರು. ಒಂದು ಲಕ್ಷ ಜನರನ್ನು ಒಂದು ವರ್ಷ ಗಮನಿಸಿದರೆ ಎಷ್ಟು ಹೊಸ ರೋಗಿಗಳು ಸಿಗುತ್ತಾರೆ ಎಂಬ ಲೆಕ್ಕದಲ್ಲಿ ಫಲಿತಾಂಶ ಹೀಗಿತ್ತು: ಸ್ಕ್ವಾಮಸ್ ಸೆಲ್ ಓ ಗುಂಪಿನಲ್ಲಿ 45, ಉಳಿದ ಗುಂಪುಗಳನ್ನು ಒಟ್ಟು ಸೇರಿಸಿದರೆ 40. ಬೇಸಲ್ ಸೆಲ್ ಓ ಗುಂಪಿನಲ್ಲಿ 525, ಉಳಿದವರಲ್ಲಿ 492. ಬಿಸಿಲು, ಕುಟುಂಬದ ಇತಿಹಾಸ ಮುಂತಾದ ಅಂಶಗಳನ್ನೂ ಲೆಕ್ಕಕ್ಕೆ ತಂದ ಮೇಲೆ ಓ ಅಲ್ಲದವರಿಗೆ ಸ್ಕ್ವಾಮಸ್ ಸೆಲ್ ಅಪಾಯ ಶೇ 14, ಬೇಸಲ್ ಸೆಲ್ ಅಪಾಯ ಶೇ 4 ಕಡಿಮೆ ಎಂದು ಬಂತು. ಮೆಲನೋಮದಲ್ಲಿ ಕಂಡ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇಂಥ ಸುದ್ದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಮೊದಲನೆಯದು, ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಎಷ್ಟು? ಶೇ 14 ಎಂದು ಕೇಳಿದಾಗ ದೊಡ್ಡದೆನಿಸುತ್ತದೆ, ಆದರೆ ಲಕ್ಷಕ್ಕೆ ವರ್ಷಕ್ಕೆ ಐದು ಜನರ ವ್ಯತ್ಯಾಸ ಅಷ್ಟೆ. ಎರಡನೆಯದು, ಯಾರಿಗೆ ಹೋಲಿಸಿ ಹೇಳಿದ್ದು? 'ಉಳಿದವರಿಗೆ ಶೇ 14 ಕಡಿಮೆ' ಎಂಬುದನ್ನು 'ಓ ಗುಂಪಿಗೆ ಶೇ 14 ಹೆಚ್ಚು' ಎಂದು ತಿರುಗಿಸಿ ಬರೆಯುವವರಿದ್ದಾರೆ. ತಿರುಗಿಸಿ ಲೆಕ್ಕ ಹಾಕಿದರೆ ಶೇ 16ರ ಹತ್ತಿರ ಬರುತ್ತದೆ. ಅಲ್ಲೇ ತಪ್ಪಿದವರು ಮುಂದೆಯೂ ತಪ್ಪಿರುತ್ತಾರೆ. ಮೂರನೆಯದೇ ನಮಗೆ ಮುಖ್ಯ: ಯಾರ ಮೇಲೆ ನಡೆದ ಅಧ್ಯಯನ? ಅದರಲ್ಲಿದ್ದವರು ಬಹುಪಾಲು ಬಿಳಿಯರು. ಅವರಲ್ಲಿ ಚರ್ಮದ ಕ್ಯಾನ್ಸರ್ ಬಹುತೇಕ ಬಿಸಿಲಿನಿಂದ ಬರುವ ರೋಗ. ನಮ್ಮಲ್ಲಿ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ಬಹಳ ಸಣ್ಣ ಪಾಲು, ಮತ್ತು ಅದು ಬರುವ ದಾರಿಯೂ ಬೇರೆ.

ರಕ್ತದ ಗುಂಪನ್ನು ನಿರ್ಧರಿಸುವ ಎ ಮತ್ತು ಬಿ ಪ್ರತಿಜನಕಗಳು ಕೆಂಪು ರಕ್ತಕಣಗಳ ಮೇಲಷ್ಟೇ ಅಲ್ಲ, ಚರ್ಮದ ಮೇಲ್ಪದರದ ಕೋಶಗಳ ಮೇಲೂ ಇರುತ್ತವೆ. ಹಾಗಾಗಿ ನಂಟು ಇರಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಆದರೆ ಇದೇ ಓ ಗುಂಪಿನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಸ್ವಲ್ಪ ಕಡಿಮೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದೂ ಕಡಿಮೆ. ಗುಂಪನ್ನು ಬದಲಿಸಲು ಆಗದು, ಗುಂಪು ನೋಡಿ ಯಾವ ಚರ್ಮವೈದ್ಯರೂ ತಪಾಸಣೆಯ ಕ್ರಮ ಬದಲಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಗುಂಪು ಕೇಳುವುದು ರಕ್ತ ಬೇಕಾದೀತೆಂದು ಮಾತ್ರ.

ನಿಜವಾಗಿ ಎಚ್ಚರ ಬೇಕಾದವರು

ಹಳೆಯ ಗಾಯ, ಹಳೆಯ ಸುಟ್ಟ ಕಲೆ ಇರುವವರನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಕು. ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಸುಟ್ಟ ಜಾಗ, ಕಸಿ ಮಾಡದೆ ಹಾಗೇ ಮಾಗಿ ಬಿಗಿದುಕೊಂಡ ಚರ್ಮ, ಅದು ಮತ್ತೆ ಮತ್ತೆ ಒಡೆದು ಹುಣ್ಣಾಗುವುದು, 20–30 ವರ್ಷಗಳ ನಂತರ ಅದೇ ಹುಣ್ಣಿನ ಅಂಚಿನಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್. ವೈದ್ಯರು ಇದನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣು, ಉಬ್ಬುನಾಳದಿಂದ ಕಾಲಗಂಟಿನ ಬಳಿ ಆಗುವ ಹುಣ್ಣು, ಮೂಳೆ ಸೋಂಕಿನಿಂದ ವರ್ಷಗಟ್ಟಲೆ ಕೀವು ಸೋರುವ ತೂತು, ಎಲ್ಲಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಸೊಂಟದಲ್ಲಿ ಬಟ್ಟೆ ಕಟ್ಟುವ ಜಾಗ ಇನ್ನೊಂದು. ಪಂಚೆ, ಸೀರೆಯ ಬಿಗಿ ಕಟ್ಟು ಒಂದೇ ಜಾಗದಲ್ಲಿ ದಶಕಗಟ್ಟಲೆ ಉಜ್ಜಿ ಅಲ್ಲಿ ಕ್ಯಾನ್ಸರ್ ಆಗುವುದನ್ನು ಮುಂಬೈನಲ್ಲಿ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ 1945ರಲ್ಲೇ ದಾಖಲಿಸಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿ ಎಂಬ ಕೆಂಡದ ಮಡಕೆಯನ್ನು ಹೊಟ್ಟೆ, ತೊಡೆಗೆ ಒತ್ತಿ ಇಟ್ಟುಕೊಳ್ಳುವವರಲ್ಲಿ ಆ ಜಾಗದಲ್ಲೇ ಬರುತ್ತದೆ. ಒಳಲಂಗದ ಲಾಡಿ ಕೂರುವ ಕಡೆ ಚರ್ಮ ಕಪ್ಪಾಗಿ, ದಪ್ಪಗಾಗಿ, ಸಿಪ್ಪೆ ಏಳುತ್ತಿದ್ದರೆ ಲಾಡಿ ತೆಗೆದು ಅಗಲ ಪಟ್ಟಿ ಹಾಕಿಸಿ, ಕಟ್ಟುವ ಜಾಗವನ್ನು ದಿನಕ್ಕೊಂದು ಬೆರಳಷ್ಟು ಮೇಲೆ ಕೆಳಗೆ ಮಾಡಿ. ಕಪ್ಪಾಗುವುದು ಕ್ಯಾನ್ಸರ್ ಅಲ್ಲ. ಅದರ ಮೇಲೆ ವಾಸಿಯಾಗದ ಹುಣ್ಣೋ ಗಂಟೋ ಎದ್ದರೆ ಮಾತ್ರ ತೋರಿಸಬೇಕು.

ಆರ್ಸೆನಿಕ್ ಇರುವ ನೀರು ವರ್ಷಗಟ್ಟಲೆ ಕುಡಿದವರಲ್ಲೂ ಈ ರೋಗ ಹೆಚ್ಚು. ಪಶ್ಚಿಮ ಬಂಗಾಳದ ಕೊಳವೆಬಾವಿಗಳ ಕಥೆ ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲೂ ಹಳೆಯ ಚಿನ್ನದ ಗಣಿ ಸೀಮೆಯಾದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಇದರ ಲಕ್ಷಣ ಕಂಡಿದ್ದಾರೆ. ಎದೆ, ಬೆನ್ನಿನ ಮೇಲೆ ಮಳೆಹನಿ ಚಿಮುಕಿಸಿದಂಥ ಕಪ್ಪು-ಬಿಳಿ ಚುಕ್ಕೆ, ಅಂಗೈ ಅಂಗಾಲಿನ ತುಂಬ ಗಟ್ಟಿ ಗುಳ್ಳೆ ಇದ್ದರೆ ನೀರನ್ನೂ ಪರೀಕ್ಷಿಸಬೇಕು. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಉಳಿದಂತೆ ಆಲ್ಬಿನಿಸಂ ಇರುವವರು, ಅಂದರೆ ಹುಟ್ಟಿನಿಂದ ಮೈ, ಕೂದಲು, ಕಣ್ಣಿಗೆ ಬಣ್ಣವಿಲ್ಲದವರು, ಮತ್ತು ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು. ತೊನ್ನು ಇರುವವರನ್ನು ಈ ಸಾಲಿಗೆ ಸೇರಿಸಬೇಡಿ, ಅದು ಬೇರೆಯೇ.

ಪರೀಕ್ಷೆಗೆ ಬೇಕಾದ್ದು

ಆಳೆತ್ತರದ ಕನ್ನಡಿ, ಒಂದು ಕೈಗನ್ನಡಿ, ಒಂದು ಕುರ್ಚಿ, ಮಿ.ಮೀ. ಗುರುತಿರುವ ಶಾಲೆಯ ಸ್ಕೇಲು, ಮೊಬೈಲು. ಟ್ಯೂಬ್‌ಲೈಟಿಗಿಂತ ಕಿಟಕಿಯ ಬೆಳಗಿನ ಬೆಳಕು ಒಳ್ಳೆಯದು, ಹಳದಿ ಬಲ್ಬಿನಲ್ಲಂತೂ ಕಂದು, ಕಪ್ಪು ವ್ಯತ್ಯಾಸವೇ ತಿಳಿಯದು. ಸ್ನಾನವಾದ ಮೇಲೆ ಮಾಡಿ. ಉಗುರುಬಣ್ಣ ತೆಗೆದಿರಬೇಕು. ಗೋರಂಟಿ ಹಚ್ಚಿದ್ದರೆ ಅದು ಪೂರ್ತಿ ಬಿಡುವವರೆಗೆ ಅಂಗೈ, ಅಂಗಾಲಿನ ಪರೀಕ್ಷೆ ಮುಂದೂಡಿ. ಬರಿಗಾಲಲ್ಲಿ ಓಡಾಡುವವರು ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತಿಕ್ಕಿ ತೊಳೆಯಬೇಕು. ಮಣ್ಣು ಹೊಕ್ಕ ಒಡಕು ದೂರದಿಂದ ಮಚ್ಚೆಯಂತೆಯೇ ಕಾಣುತ್ತದೆ.

ಮೇಲೆ ಹೇಳಿದ ಗುಂಪುಗಳವರು ತಿಂಗಳಿಗೊಮ್ಮೆ, ಉಳಿದವರು ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು. ದಿನಾ ನೋಡಿದರೆ ನಿಧಾನದ ಬದಲಾವಣೆ ಕಣ್ಣಿಗೆ ಬೀಳುವುದೇ ಇಲ್ಲ.

ನೋಡುವ ಕ್ರಮ

ಪಾದದಿಂದ ಶುರುಮಾಡಿ. ಪುಸ್ತಕಗಳಲ್ಲಿ ತಲೆಯಿಂದ ಎಂದಿರುತ್ತದೆ, ಆದರೆ ಕೊನೆಗೆ ಬೇಸರ ಬಂದು ಬಿಟ್ಟುಬಿಡುವುದು ಪಾದವನ್ನೇ, ಮತ್ತು ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಸಿಗುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಇದಕ್ಕೆ ಬಿಸಿಲು ಕಾರಣವಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಮೆಲನೋಮದಿಂದ. ಆಸ್ಟ್ರೇಲಿಯಾ, ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಭಿತ್ತಿಪತ್ರ ನೋಡಿ ಮುಖ, ಬೆನ್ನು ಮಾತ್ರ ಪರೀಕ್ಷಿಸಿಕೊಂಡು ಸುಮ್ಮನಾಗುವುದುಂಟು. ಆ ಚಿತ್ರಗಳು ಬಿಳಿ ಚರ್ಮಕ್ಕಾಗಿ ಬರೆದವು.

ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಇನ್ನೊಂದರ ಮಂಡಿಯ ಮೇಲಿಟ್ಟು ಹಿಮ್ಮಡಿ, ಅಂಗಾಲಿನ ಕಮಾನು, ಬೆರಳ ಬುಡ, ಪ್ರತಿ ಬೆರಳ ಸಂದು ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ, ಅಥವಾ ಮನೆಯವರಿಂದ ಫೋಟೊ ತೆಗೆಸಿಕೊಳ್ಳಲಿ. ಎರಡೂ ಕಾಲಲ್ಲಿ ಚದುರಿದಂತೆ ಇರುವ, ವರ್ಷಗಳಿಂದ ಹಾಗೇ ಇರುವ ತಿಳಿಗಂದು ಚುಕ್ಕೆಗಳು ಕಪ್ಪು ಚರ್ಮದವರಲ್ಲಿ ಸಾಮಾನ್ಯ. ಶಟಲ್, ಕಬಡ್ಡಿ ಆಡುವವರ ಹಿಮ್ಮಡಿ ಅಂಚಿನ ಕಪ್ಪು ಕಲೆ ಬಹುಪಾಲು ಒಳಗೆ ಇಂಗಿದ ರಕ್ತ, ಕೆಲವೇ ವಾರದಲ್ಲಿ ಸಿಪ್ಪೆಯೊಂದಿಗೆ ಹೋಗುತ್ತದೆ. ಅನುಮಾನಪಡಬೇಕಾದ್ದು ಒಂಟಿಯಾಗಿರುವ, ಬೆಳೆಯುತ್ತಿರುವ, ಒಂದಕ್ಕಿಂತ ಹೆಚ್ಚು ಬಣ್ಣದ, ಅಂಚು ಕಲಸಿಹೋದ ಕಲೆಯನ್ನು. ಬೇರೆ ಕಡೆಯ ಮಚ್ಚೆಗೆ 6 ಮಿ.ಮೀ. ದಾಟಿದರೆ ಎಚ್ಚರ ಎನ್ನುತ್ತಾರೆ, ಅಂಗಾಲಿಗೆ ಜಪಾನಿನ ಚರ್ಮತಜ್ಞರು ಇಟ್ಟುಕೊಂಡ ಗೆರೆ 7 ಮಿ.ಮೀ. ಅಳತೆ ಕಡಿಮೆಯಿದ್ದರೂ ಬದಲಾಗುತ್ತಿದ್ದರೆ ತೋರಿಸಿ.

ಇಲ್ಲೊಂದು ಮೋಸವಿದೆ. ಎಲ್ಲ ಮೆಲನೋಮವೂ ಕಪ್ಪಗಿರುವುದಿಲ್ಲ. ಬಣ್ಣವೇ ಇಲ್ಲದ, ಗುಲಾಬಿಯಾಗಿ ಉಬ್ಬಿ, ಮುಟ್ಟಿದರೆ ರಕ್ತ ಜಿನುಗುವ ಗಂಟು ಪಾದದಲ್ಲಿ ಎದ್ದರೆ ಅದನ್ನು ಆಣಿ, ನರಹುಲಿ, ಸಕ್ಕರೆ ಕಾಯಿಲೆಯ ಹುಣ್ಣು ಎಂದು ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿ ಕಳೆಯುವುದು ಬಹಳ ಸಾಮಾನ್ಯ. ಆಣಿ ಎಂದು ಹೇಳಿದ್ದು ಆಣಿಯ ಚಿಕಿತ್ಸೆಗೆ ಎರಡು ತಿಂಗಳಲ್ಲಿ ಬಗ್ಗದಿದ್ದರೆ ಬಯಾಪ್ಸಿ, ಅಂದರೆ ತುಣುಕು ತೆಗೆದು ಮಾಡುವ ಪರೀಕ್ಷೆ, ಕೇಳಿ.

ಉಗುರು. ಕಂದು ಚರ್ಮದವರ ಹಲವು ಉಗುರುಗಳಲ್ಲಿ ಬುಡದಿಂದ ತುದಿಗೆ ತೆಳು ಕಂದು ಗೆರೆ ಇರುವುದು ಸಹಜ, ವಯಸ್ಸಾದಂತೆ ಹೆಚ್ಚುತ್ತದೆ ಕೂಡ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಮೂಡಿ 3 ಮಿ.ಮೀ. ಅಥವಾ ಹೆಚ್ಚು ಅಗಲವಾದ ಗೆರೆ, ಬುಡದಲ್ಲಿ ಅಗಲ ತುದಿಯಲ್ಲಿ ಕಿರಿದು, ಒಳಗೆ ಬೇರೆಬೇರೆ ಬಣ್ಣ, ಇವು ಕೆಟ್ಟ ಲಕ್ಷಣ. ಕಪ್ಪು ಬಣ್ಣ ಉಗುರು ದಾಟಿ ಸುತ್ತಲ ಚರ್ಮಕ್ಕೂ ಹಬ್ಬಿದ್ದರೆ ಒಂದು ವಾರವೂ ಕಾಯಬೇಡಿ. ಉಗುರು ಉದ್ದಕ್ಕೆ ಸೀಳಿ ಅಡಿಯಿಂದ ಮಾಂಸ ಏಳುತ್ತಿರುವುದನ್ನು ಉಗುರುಸುತ್ತು ಎಂದುಕೊಂಡು ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರುವುದೂ ತಪ್ಪು. ನಿಜವಾದ ಉಗುರುಸುತ್ತು ನೋವು, ಕೀವಿನೊಂದಿಗೆ ಬಂದು ಒಂದೆರಡು ವಾರದಲ್ಲಿ ಮುಗಿಯುತ್ತದೆ.

ಅಡಿಕೆ ಸುಲಿಯುವವರ ಉಗುರು ಚೊಗರಿನಿಂದ ಕಪ್ಪಾಗಿರುತ್ತದೆ. ಅದು ಮೇಲಿನ ಕಲೆ, ಬ್ಲೇಡಿನ ಮೊಂಡು ಬದಿಯಿಂದ ಮೆಲ್ಲಗೆ ಕೆರೆದರೆ ಬಿಡುತ್ತದೆ. ಒಳಗಿನ ಬಣ್ಣ ಬಿಡುವುದಿಲ್ಲ. ಕಲ್ಲು ಎಡವಿ, ಬಾಗಿಲಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿದ್ದೇ ಎಂದು ತಿಳಿಯಲು ಹೀಗೆ ಮಾಡಿ: ಸ್ಕೇಲು ಪಕ್ಕಕ್ಕಿಟ್ಟು ಫೋಟೊ ತೆಗೆದು ಕಲೆಯ ಬುಡದ ಕಡೆಯ ಅಂಚು ಚರ್ಮದಿಂದ ಎಷ್ಟು ದೂರವಿದೆ ಎಂದು ಬರೆದಿಡಿ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಕಾಲಿನದು ಅದರ ಅರ್ಧ. ಆರರಿಂದ ಎಂಟು ವಾರದಲ್ಲಿ ಬುಡದಲ್ಲಿ ಶುಭ್ರ ಉಗುರು ಬಂದು ಕಲೆ ಮುಂದೆ ಸರಿದಿದ್ದರೆ ರಕ್ತ. ಸರಿಯದೆ ಬುಡದಿಂದಲೇ ಬಣ್ಣ ಬರುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಪೆಟ್ಟು ಬಿದ್ದ ನೆನಪಿದೆ ಎಂಬುದೊಂದೇ ಸಮಾಧಾನವಾಗಬಾರದು. ರೈತರಿಗೆ, ಗಾರೆ ಕೆಲಸದವರಿಗೆ ಪೆಟ್ಟು ಬೀಳದ ತಿಂಗಳೇ ಇರುವುದಿಲ್ಲ.

ಅಲ್ಲಿಂದ ಮೇಲೆ ಬನ್ನಿ. ಮೀನಖಂಡ, ತೊಡೆ, ಜನನಾಂಗ, ಗುದದ ಸುತ್ತ, ಉಡಿದಾರ ಮತ್ತು ಲಾಡಿಯ ಜಾಗ. ಕನ್ನಡಿಗೆ ಬೆನ್ನು ತಿರುಗಿಸಿ ಕೈಗನ್ನಡಿಯಲ್ಲಿ ಪೃಷ್ಠ, ಬೆನ್ನು, ಕತ್ತಿನ ಹಿಂಭಾಗ. ಮುಖದಲ್ಲಿ ಮೂಗಿನ ಪಕ್ಕ, ಕಣ್ಣಿನ ಒಳಮೂಲೆ, ಕೆಳರೆಪ್ಪೆ, ಕಿವಿಯ ಹಿಂದೆ: ಬೇಸಲ್ ಸೆಲ್ ಕೂರುವುದು ಇಲ್ಲೇ. ಬಿಳಿಯರಲ್ಲಿ ಅದು ಮುತ್ತಿನಂತೆ ಹೊಳೆಯುವ ಗುಲಾಬಿ ಗುಳ್ಳೆ. ನಮ್ಮಲ್ಲಿ ಬಹುಪಾಲು ಕಪ್ಪಗಿರುತ್ತದೆ, ಹಾಗಾಗಿ ಮಚ್ಚೆ ಎಂದೇ ಬಿಡುತ್ತಾರೆ. ಅಂಚು ಸ್ವಲ್ಪ ಎದ್ದು ಮಿರುಗುತ್ತಿದೆಯೇ, ನಡುವೆ ಗುಳಿ ಬಿದ್ದು ಹಕ್ಕಳೆ ಕಟ್ಟಿ ಉದುರಿ ಮತ್ತೆ ಕಟ್ಟುತ್ತಿದೆಯೇ ನೋಡಿ. ಐವತ್ತು ದಾಟಿದ ಮೇಲೆ ಮುಖದಲ್ಲಿ ಹುಟ್ಟುವ 'ಹೊಸ ಮಚ್ಚೆ'ಗೆ ಅದೃಷ್ಟದ ಅರ್ಥ ಹುಡುಕುವ ಮೊದಲು ಇಷ್ಟು ಮಾಡಿ. ತುಟಿ ನೋಡುವಾಗ ಬಾಯಿಯನ್ನೂ ತೆರೆದು ನೋಡಿ. ಹೊಗೆಸೊಪ್ಪು, ಗುಟ್ಕಾ ಹಾಕುವವರಿಗೆ ಚರ್ಮದ ಕ್ಯಾನ್ಸರ್‌ಗಿಂತ ಬಾಯಿಯದೇ ಬಹಳ ಹತ್ತಿರದ ಅಪಾಯ.

ಕಣ್ಣಿನಿಂದ ನೋಡಿದರೆ ಸಾಲದು, ಬೆರಳಿನಿಂದ ಸವರಬೇಕು. ಸ್ಕ್ವಾಮಸ್ ಸೆಲ್ ಮೊದಲು ಕೈಗೆ ಸಿಗುತ್ತದೆ: ಒರಟು, ಬುಡ ಗಟ್ಟಿ, ಒತ್ತಿದರೆ ನೋವು. ಹಳೆಯ ಸುಟ್ಟ ಕಲೆ, ಹುಣ್ಣಿನ ಸುತ್ತ ಪೂರ್ತಿ ಸವರಿ. ಹುಣ್ಣಿನ ಅಂಚು ದಪ್ಪಗಾಗಿ ಹೊರಮಗುಚಿಕೊಂಡಿದ್ದರೆ, ಹೂಕೋಸಿನಂತೆ ಬೆಳೆದಿದ್ದರೆ, ವಾಸನೆ ಬದಲಾಗಿದ್ದರೆ, ಸುಮ್ಮನೆ ರಕ್ತ ಬರುತ್ತಿದ್ದರೆ ಮುಲಾಮು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೊಸ ಹುಣ್ಣಿಗಾದರೆ ನಿಯಮ ಸರಳ: ನಾಲ್ಕು ವಾರದಲ್ಲಿ ಮಾಯದ್ದನ್ನು ತೋರಿಸಬೇಕು.

ಅನುಮಾನ ಬಂದದ್ದರ ಫೋಟೊ ಎರಡು ತೆಗೆಯಿರಿ. ಒಂದು, ದೇಹದ ಯಾವ ಭಾಗ ಎಂದು ತಿಳಿಯುವಂತೆ ದೂರದಿಂದ. ಇನ್ನೊಂದು, ಸ್ಕೇಲು ಪಕ್ಕಕ್ಕಿಟ್ಟು 15–20 ಸೆಂ.ಮೀ. ದೂರದಿಂದ. ಫ್ಲಾಶ್ ಬೇಡ, ಹೊಳಪು ಬಿದ್ದು ಬಣ್ಣ ಹಾಳಾಗುತ್ತದೆ. ಬ್ಯೂಟಿ ಫಿಲ್ಟರ್ ತಾನಾಗಿ ಹಾಕುವ ಫೋನುಗಳಿವೆ, ಅದನ್ನು ಆರಿಸದಿದ್ದರೆ ನೋಡಬೇಕಾದ್ದನ್ನೇ ಅದು ಒರೆಸಿಹಾಕುತ್ತದೆ.

ಮಾಡಬಾರದ್ದು

ಮಚ್ಚೆಗೆ ಸುಣ್ಣ-ಸೋಡಾ ಹಚ್ಚಿ ಸುಡುವುದು, ಗೇರೆಣ್ಣೆ ಸವರುವುದು, ಕುದುರೆ ಕೂದಲು ಕಟ್ಟಿ ಉದುರಿಸುವುದು. ಬ್ಯೂಟಿ ಪಾರ್ಲರಿನಲ್ಲಿ ಲೇಸರ್ ಹೊಡೆಸುವುದೂ ಇದೇ ಜಾತಿಯ ತಪ್ಪು, ದುಡ್ಡು ಮಾತ್ರ ಹೆಚ್ಚು. ಮೇಲಿನದು ಹೋಗಿ ಬೇರು ಉಳಿದರೆ ಅದರ ಮೇಲೆ ಕಲೆ ಮುಚ್ಚಿಕೊಳ್ಳುತ್ತದೆ, ಪರೀಕ್ಷೆಗೆ ಕಳಿಸಲು ತುಣುಕೂ ಇರುವುದಿಲ್ಲ. ಎಷ್ಟು ಆಳಕ್ಕಿತ್ತು ಎಂದು ಆಮೇಲೆ ಯಾರೂ ಹೇಳಲಾರರು, ಚಿಕಿತ್ಸೆಯೆಲ್ಲ ನಿಂತಿರುವುದು ಆ ಆಳದ ಮೇಲೆ. ವೈದ್ಯರೇ ನರಹುಲಿಯೆಂದು ಸುಟ್ಟರೂ ಒಂದು ಚೂರು ಪರೀಕ್ಷೆಗೆ ಹೋಗಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಎಲ್ಲ ಊರಿನಲ್ಲೂ ಇದೆ. ಹರಡುವುದಿಲ್ಲ. ಹರಡುವುದು ತಡಮಾಡಿದ್ದರಿಂದ.

ಬಿಸಿಲಿನ ವಿಷಯ ಚುಟುಕಾಗಿ. ಆಲ್ಬಿನಿಸಂ ಇರುವವರಿಗೆ, ಕಸಿ ಆದವರಿಗೆ ಬಿಸಿಲಿನಿಂದ ರಕ್ಷಣೆ ಕಡ್ಡಾಯ: ಅಗಲ ಅಂಚಿನ ಟೋಪಿ, ತುಂಬು ತೋಳು, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಮುಖ-ಕತ್ತಿಗೆ ಎರಡು ಬೆರಳುದ್ದದ ಗೆರೆಯಷ್ಟು, ಎರಡು ಗಂಟೆಗೊಮ್ಮೆ. ಜನ ಹಚ್ಚುವುದು ಇದರ ಅರ್ಧಕ್ಕೂ ಕಡಿಮೆ, ಆಗ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥವಿಲ್ಲ. ಉಳಿದವರಿಗೂ ಒಳ್ಳೆಯದೇ, ಆದರೆ ಅಂಗಾಲಿನ ಮೆಲನೋಮವನ್ನು ಯಾವ ಕ್ರೀಮೂ ತಡೆಯದು.

ಆಸ್ಪತ್ರೆಯಲ್ಲಿ

ಮೊದಲು ಚರ್ಮರೋಗ ವಿಭಾಗ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇರುತ್ತದೆ. ಎಷ್ಟು ದಿನದಿಂದ ಇದೆ, ಏನು ಬದಲಾಯಿತು, ಏನೇನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಅವರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಂಗಾಲಿನ ಗೆರೆಗಳಲ್ಲಿ ಬಣ್ಣ ತಗ್ಗಿನಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಮಚ್ಚೆ, ದಿಣ್ಣೆಯ ಮೇಲೆ ಓಡಿದ್ದರೆ ಮೆಲನೋಮದ ಶಂಕೆ.

ಬಯಾಪ್ಸಿಗೆ ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಸಾಕು. ಮೆಲನೋಮದ ಅನುಮಾನವಿದ್ದರೆ ಆದಷ್ಟೂ 1–3 ಮಿ.ಮೀ. ಅಂಚಿನೊಂದಿಗೆ ಪೂರ್ತಿ ತೆಗೆಯುವುದು ಸರಿ. ಅಂಗಾಲಿನಲ್ಲಿ ತೀರಾ ದೊಡ್ಡದಿದ್ದರೆ ಹೆಚ್ಚು ದಪ್ಪಗಿರುವ ಕಡೆಯಿಂದ ಚೂರು ತೆಗೆಯುತ್ತಾರೆ. ಹಳೆಯ ಹುಣ್ಣಿನಲ್ಲಾದರೆ ಅಂಚಿನ ಹಲವು ಕಡೆಯಿಂದ ತೆಗೆಯಬೇಕು. ನಡುವಿನ ಕೊಳೆತ ಭಾಗವನ್ನು ಮಾತ್ರ ಕಳಿಸಿದರೆ 'ಸೋಂಕು, ಕ್ಯಾನ್ಸರ್ ಇಲ್ಲ' ಎಂದು ವರದಿ ಬಂದು ಮೋಸವಾಗುತ್ತದೆ. ಹುಣ್ಣು ಮಾಯದೆ ಬೆಳೆಯುತ್ತಲೇ ಇದ್ದರೆ ಒಂದು ಸಲ ಇಲ್ಲ ಎಂದು ಬಂದದ್ದನ್ನು ಕೊನೆಯ ಮಾತೆಂದುಕೊಳ್ಳದೆ ಮತ್ತೆ ಮಾಡಿಸಿ. ಬೇರೆ ಊರಿನ ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ತುಣುಕು ಶೇ 10ರ ಫಾರ್ಮಲಿನ್‌ನಲ್ಲಿದೆಯೇ, ದ್ರವ ತುಣುಕಿನ ಹತ್ತು ಪಟ್ಟಾದರೂ ಇದೆಯೇ, ಶೀಶೆಯ ಮೇಲೆ ಹೆಸರು ಮತ್ತು ದೇಹದ ಭಾಗ ಬರೆದಿದೆಯೇ ನೋಡಿಕೊಳ್ಳಿ. ಸಲೈನಿನಲ್ಲಿ ಹಾಕಿ ಒಯ್ದದ್ದು ದಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ.

ವರದಿ ಮೆಲನೋಮ ಎಂದು ಬಂದರೆ ಬ್ರೆಸ್ಲೊ ದಪ್ಪ (ರೋಗ ಚರ್ಮದೊಳಗೆ ಇಳಿದಿರುವ ಆಳ) ಎಷ್ಟು ಮಿ.ಮೀ. ಮತ್ತು ಮೇಲ್ಮೈ ಹುಣ್ಣಾಗಿದೆಯೇ ಎಂಬ ಎರಡು ಸಾಲು ಹುಡುಕಿ. 0.8 ಮಿ.ಮೀ.ಗಿಂತ ತೆಳುವಾಗಿದ್ದು ಹುಣ್ಣಿಲ್ಲದಿದ್ದರೆ ಸುತ್ತ 1 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಅದಕ್ಕಿಂತ ದಪ್ಪವಿದ್ದರೆ ರೋಗ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿಯ ಪರೀಕ್ಷೆ ಬೇಕೇ ಎಂದು ಕೇಳಬೇಕು, 2 ಮಿ.ಮೀ. ದಾಟಿದರೆ ಬಿಡುವ ಅಂಚು 2 ಸೆಂ.ಮೀ. ಆ ಎರಡು ಸಾಲು ವರದಿಯಲ್ಲಿ ಇಲ್ಲದಿದ್ದರೆ ವರದಿ ಅಪೂರ್ಣ, ಬರೆಸಿಕೊಳ್ಳಿ.

ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೋ ಬೇರೆ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವುದಾದರೆ ವರದಿಯ ಕಾಗದ ಸಾಲದು. ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ತುಣುಕನ್ನು ಕೂರಿಸಿದ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಅಲ್ಲಿ ಮತ್ತೆ ನೋಡಿಯೇ ಮುಂದುವರಿಯುತ್ತಾರೆ. ಬ್ಲಾಕನ್ನು ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಡಬೇಡಿ, ಕರಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯುವವರು ಪಡಿತರ ಚೀಟಿ, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಹೊರಡುವ ಮೊದಲೇ ಮಾಡಿಸಿಕೊಂಡರೆ ಅಲ್ಲಿಂದ ವಾಪಸು ಬರುವ ತಾಪತ್ರಯ ತಪ್ಪುತ್ತದೆ.